‘ರ‍್ಯಾಂಪ್ ಉಂಟು’ ಎಂಬ ಮಾತನ್ನು ನಂಬಿ ಸಭಾಂಗಣಕ್ಕೆ ಮುಂಗಡ ಕೊಡಬೇಡಿ

ನಿಮ್ಮ ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದು, ಮಂಗಳೂರಿನಲ್ಲಿ ಮದುವೆಗೆ ಸಭಾಂಗಣ ನೋಡುತ್ತಿದ್ದರೆ, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

ನನ್ನ ಅಣ್ಣ ಹನ್ನೊಂದು ವರ್ಷಗಳ ಹಿಂದೆ ತೋಟಕ್ಕೆ ಮದ್ದು ಬಿಡುವಾಗ ಅಡಿಕೆ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗಿನ ಸ್ವಾಧೀನ ಕಳೆದುಕೊಂಡರು. ನಮ್ಮ ಕರಾವಳಿಯ ತೋಟದ ಮನೆಗಳಿಗೆ ಇಂತಹ ಅಪಘಾತ ಹೊಸದಲ್ಲ. ಕಳೆದ ಮೇ ತಿಂಗಳ ಕೊನೆಯ ವಾರ ನನ್ನ ಮಗಳ ಮದುವೆಯಿತ್ತು. ವಧುವನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ಹಾಗಾಗಿ ಸಭಾಂಗಣಕ್ಕೆ ಹೋದಾಗ ನಾನು ಬಾಡಿಗೆ ಎಷ್ಟೆಂದು ವಿಚಾರಿಸುವ ಮೊದಲೇ ಗಾಲಿಕುರ್ಚಿಯ ವಿಷಯ ಕೇಳಿದೆ. “ರ‍್ಯಾಂಪ್ ಉಂಟು, ಲಿಫ್ಟ್ ಉಂಟು, ವೀಲ್‌ಚೇರ್‌ನವರಿಗೆ ಟಾಯ್ಲೆಟ್ ಸಹ ಉಂಟು, ನೀವು ತಲೆಬಿಸಿ ಮಾಡಬೇಡಿ ಅಮ್ಮ” ಎಂದು ಅಲ್ಲಿನ ಮ್ಯಾನೇಜರ್ ಹೇಳಿದರು. ಮೂರನ್ನೂ ದೂರದಿಂದಲೇ ತೋರಿಸಿದರು. ಕಾಲು ಗಟ್ಟಿ ಇರುವ ನನಗೆ ಅವುಗಳಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ರ‍್ಯಾಂಪ್ ಎಂದು ಅವರು ತೋರಿಸಿದ್ದು ಅಡುಗೆಯವರ ಬಾಗಿಲಿನ ಪಕ್ಕದ ಇಳಿಜಾರು. ಗ್ಯಾಸ್ ಸಿಲಿಂಡರ್ ಮತ್ತು ಚರಿಗೆಗಳನ್ನು ದೂಡಿಕೊಂಡು ಹೋಗಲು ಕಟ್ಟಿದ್ದು. ಆಮೇಲೆ ಅಳೆದು ನೋಡಿದೆ: ಏರಬೇಕಾದ ಎತ್ತರ ಎರಡೂವರೆ ಅಡಿ, ಇಳಿಜಾರಿನ ಉದ್ದ ಕೇವಲ ಒಂಬತ್ತು ಅಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಮಾನ್ಯವಾದ ಅಳತೆ. ಆ ಲೆಕ್ಕದಲ್ಲಿ ಅಲ್ಲಿ ಮೂವತ್ತು ಅಡಿ ಇರಬೇಕಿತ್ತು. ಹಿಡಿದುಕೊಳ್ಳಲು ಪಕ್ಕದಲ್ಲಿ ಕಂಬಿ ಇರಲಿಲ್ಲ, ನೆಲಕ್ಕೆ ಹಾಕಿದ್ದು ಹೊಳಪಿನ ಟೈಲ್ಸ್, ಅದರ ಮೇಲೆ ಹಿಂದಿನ ರಾತ್ರಿಯ ಮಳೆ. ನನ್ನ ಮಗ ಕುರ್ಚಿಯನ್ನು ಅರ್ಧ ದೂಡುವಷ್ಟರಲ್ಲಿ ಅವನ ಕಾಲು ಜಾರಿ, ಕುರ್ಚಿ ಮುಂದಿನ ಚಕ್ರ ಎತ್ತಿಕೊಂಡು ಹಿಂದಕ್ಕೆ ಬಂತು. ಬಡಿಸಲು ಬಂದಿದ್ದ ಇಬ್ಬರು ಹುಡುಗರು ಓಡಿಬಂದು ತಡೆಯದಿದ್ದರೆ ಏನಾಗುತ್ತಿತ್ತೋ, ಯೋಚಿಸಲೂ ನನಗೆ ಧೈರ್ಯವಿಲ್ಲ. ಬಳಿಕ ನಾಲ್ವರು ಸೇರಿ ಕುರ್ಚಿ ಸಮೇತ ಎತ್ತಲು ಹೊರಟರು. ಒಬ್ಬರು ಹಿಡಿದದ್ದು ಕುರ್ಚಿಯ ಕೈಯನ್ನು; ಅದು ಕಳಚಿ ತೆಗೆಯುವಂತಹ ಕೈ, ಎತ್ತಿದ ಕೂಡಲೇ ಅವರ ಕೈಗೇ ಬಂತು. ಎತ್ತಲೇಬೇಕಾದ ಸಂದರ್ಭ ಬಂದರೆ ಯಾವುದನ್ನು ಹಿಡಿಯಬೇಕೆಂದು ಕುರ್ಚಿಯಲ್ಲಿ ಕುಳಿತವರನ್ನೇ ಮೊದಲು ಕೇಳಬೇಕು. ಅಣ್ಣ ಹೇಳುತ್ತಲೇ ಇದ್ದರು. ಗಡಿಬಿಡಿಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಲಿಫ್ಟ್ ಇದ್ದದ್ದು ಕೆಳಗಿನ ಊಟದ ಹಾಲ್‌ಗೆ ಹೋಗಲು, ಆದರೆ ಅದರ ಬಾಗಿಲು ತಲುಪುವುದಕ್ಕೇ ಮೂರು ಮೆಟ್ಟಿಲು ಇಳಿಯಬೇಕು. ಅಣ್ಣನಿಗೆ ಎಲೆ ಊಟ ಸಿಗಲಿಲ್ಲ. ಮೇಲೆಯೇ ತಟ್ಟೆಯಲ್ಲಿ ತಂದುಕೊಟ್ಟೆವು. ಮಂಟಪದ ವೇದಿಕೆಗೆ ಐದು ಮೆಟ್ಟಿಲು. ಮಗಳ ಕೈ ಹಿಡಿದು ವೇದಿಕೆಯ ಬುಡದವರೆಗೆ ಬಂದ ಅಣ್ಣ, “ಇಲ್ಲಿವರೆಗೆ ಸಾಕು, ಇನ್ನು ನನ್ನನ್ನು ಎತ್ತಬೇಡಿ” ಎಂದರು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಶೌಚಾಲಯ. ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರವಿತ್ತು. ಒಳಗೆ ನೆಲ ಒರೆಸುವ ಬಕೆಟ್‌ಗಳು ಮತ್ತು ಮುರಿದ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಅವನ್ನೆಲ್ಲ ಹೊರಗೆ ಹಾಕಿಸಿದ ಮೇಲೆ ತಿಳಿಯಿತು, ಬಾಗಿಲಿನ ತೆರವು 24 ಇಂಚು, ಅಣ್ಣನ ಕುರ್ಚಿಯ ಅಗಲ 25½ ಇಂಚು. ತೆರವು 900 ಮಿಲಿಮೀಟರ್, ಅಂದರೆ ಸುಮಾರು ಮೂರು ಅಡಿ ಇರಬೇಕು. ಒಳಗೆ ಕುರ್ಚಿ ತಿರುಗಲು ಐದು ಅಡಿ ಜಾಗ ಬೇಕು. ಬೆನ್ನುಹುರಿಗೆ ಪೆಟ್ಟಾದ ಅನೇಕರಂತೆ ಅಣ್ಣನೂ ನಾಲ್ಕರಿಂದ ಆರು ಗಂಟೆಗೊಮ್ಮೆ ಕೊಳವೆ ಹಾಕಿ ಮೂತ್ರ ತೆಗೆಯಬೇಕು. ಅದಕ್ಕೆ ಶುಚಿಯಾದ, ಮರೆಯಾದ ಜಾಗ ಬೇಕು. ಆ ದಿನ ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ಅದು ಸಾಧ್ಯವಾಗಲಿಲ್ಲ; ಅವರು ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಮೂರನೆಯ ದಿನ ಚಳಿಜ್ವರ ಬಂತು. ಮೂತ್ರದ ಸೋಂಕೆಂದು ಐದು ದಿನ ಆಸ್ಪತ್ರೆಯಲ್ಲಿರಬೇಕಾಯಿತು.

ಖಾಸಗಿ ಕಟ್ಟಡ, ಕೇಳುವ ಹಾಗಿಲ್ಲ ಎಂದು ಹಲವರು ನನಗೆ ಹೇಳಿದರು. ಅದು ತಪ್ಪು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ‘ಸಾರ್ವಜನಿಕ ಕಟ್ಟಡ’ವೇ. ಸುಗಮ್ಯತೆಯ, ಅಂದರೆ ಅಂಗವಿಕಲರೂ ಸುಲಭವಾಗಿ ಬಳಸುವಂತಿರಬೇಕೆಂಬ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿಯನ್ನಾಗಲಿ, ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ ಕೊಡಬಾರದು ಎನ್ನುತ್ತದೆ ಅದರ 44ನೆಯ ಕಲಂ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷ ಕೊಡಲಾಗಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ ಐದು ಲಕ್ಷದವರೆಗೆ ದಂಡವಿದೆ. ಈ ಅಳತೆಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ನಾನು ಫೋಟೊ ಮತ್ತು ಅಳತೆಗಳ ಸಮೇತ ಜಿಲ್ಲಾ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಕಲ್ಯಾಣಾಧಿಕಾರಿಯವರಿಗೆ ದೂರು ಕೊಟ್ಟು, ಅದರ ಪ್ರತಿಯನ್ನು ಬೆಂಗಳೂರಿನಲ್ಲಿರುವ, ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಕಳಿಸಿದ್ದೇನೆ. ನೀವು ದೂರು ಕೊಡುವುದಾದರೆ ಟೇಪನ್ನು ಹಿಡಿದೇ ಫೋಟೊ ತೆಗೆಯಿರಿ. ಸಂಖ್ಯೆ ಕಾಣುವ ಚಿತ್ರದ ಮುಂದೆ ‘ಉಂಟು’ ಎಂಬ ಉತ್ತರ ನಿಲ್ಲುವುದಿಲ್ಲ.

ಮೊನ್ನೆ ಮಗಳ ಸೀಮಂತಕ್ಕೆ ಸಣ್ಣದೊಂದು ಹಾಲ್ ನೋಡಲು ಹೋದಾಗ ಅಣ್ಣನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಬಾಗಿಲಿನಿಂದ ಊಟದ ಜಾಗದವರೆಗೆ ತಾವೇ ಚಕ್ರ ತಿರುಗಿಸಿಕೊಂಡು ಹೋದರು. ಶೌಚಾಲಯದ ಒಳಗೆ ಹೋಗಿ, ಚಿಲಕ ಹಾಕಿಕೊಂಡು, ಕುರ್ಚಿ ತಿರುಗಿಸಿ ಹೊರಗೆ ಬಂದು ತಲೆಯಾಡಿಸಿದರು. ಆಮೇಲೆಯೇ ನಾನು ಮುಂಗಡ ಕೊಟ್ಟೆ.