ಊಕಾರದಲ್ಲಿ ಎಡವುವ ಮಾಪಕ: ಮೂರು ವರ್ಷ ಬಳಸಿದ ಮೇಲೆ

ನಾನು ವಾಕ್ ಚಿಕಿತ್ಸಕಿ. ಸ್ವರಗಳ ಸ್ಪಷ್ಟತೆಯನ್ನು ತಾನಾಗಿಯೇ ಅಳೆಯುವ ಈ ತಂತ್ರಾಂಶವನ್ನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ; ಉಳಿದ ಒಂದೂವರೆಯನ್ನು ಹೆಚ್ಚುಕಡಿಮೆ ಊಕಾರವೇ ನುಂಗಿತು.

ರೋಗಿ ಆ, ಈ, ಊ ಇರುವ ಪದಗಳನ್ನು ಓದುತ್ತಾರೆ. ತಂತ್ರಾಂಶ ಪ್ರತಿ ಸ್ವರದ ಮೊದಲ ಎರಡು ಫಾರ್ಮಂಟ್‌ಗಳನ್ನು, ಅಂದರೆ ಗಂಟಲು ಮತ್ತು ಬಾಯಿಯ ಪೊಳ್ಳು ಅನುರಣಿಸುವ ಆವರ್ತನಗಳನ್ನು, ಹುಡುಕುತ್ತದೆ. ಬಾಯಿ ತೆರೆದಷ್ಟೂ ಮೊದಲನೆಯದು ಏರುತ್ತದೆ, ನಾಲಗೆ ಮುಂದೆ ಬಂದಷ್ಟೂ ಎರಡನೆಯದು. ಮೂರನ್ನೂ ನಕ್ಷೆಗೆ ಹಾಕಿದರೆ ತ್ರಿಕೋನ. ಉಚ್ಚಾರಣೆ ಮಬ್ಬಾದಂತೆ ಅದು ಕುಗ್ಗುತ್ತದೆ. ನಾನು ನೆಚ್ಚುವುದು ಪಕ್ಕದಲ್ಲಿ ತೋರಿಸುವ ಕೇಂದ್ರೀಕರಣ ಅನುಪಾತವನ್ನು. ಸ್ವರಗಳು ನಡುವಿಗೆ ಜಾರಿದಷ್ಟೂ ಅದು ಏರುತ್ತದೆ. ಸಂಶೋಧಕರಾದ ಪೀಟರ್ಸನ್ ಮತ್ತು ಬಾರ್ನಿ 1952ರಲ್ಲಿ ಪ್ರಕಟಿಸಿದ ಅಮೆರಿಕನ್ ಇಂಗ್ಲಿಷಿನ ಗಂಡಸರ ಫಾರ್ಮಂಟ್ ಸರಾಸರಿಗಳನ್ನು ಹಾಕಿದರೆ ಸುಮಾರು 0.84 ಬರುತ್ತದೆ.

ಪಾರ್ಕಿನ್ಸನ್ ಇರುವ ಹಿರಿಯರೊಬ್ಬರದು 1.05 ಇತ್ತು. ಆರು ವಾರ ಅಭ್ಯಾಸ ಮಾಡಿಸಿದ ಮೇಲೆ ಅಳೆದರೆ 1.14! ಅವರ ಮುಖ ಬಾಡಿತು. ಆದರೆ ನನ್ನ ಕಿವಿ ಒಪ್ಪಲಿಲ್ಲ, ಮಾತು ಎಷ್ಟೋ ತಿಳಿಯಾಗಿತ್ತು. ಅದೇ ಧ್ವನಿಮುದ್ರಣವನ್ನು ಪ್ರಾಟ್‌ನಲ್ಲಿ, ಅಂದರೆ ದನಿಯನ್ನು ವಿಶ್ಲೇಷಿಸುವ ಇನ್ನೊಂದು ತಂತ್ರಾಂಶದಲ್ಲಿ, ತೆರೆದೆ. ಊಕಾರದಲ್ಲಿ ಮೊದಲೆರಡು ಫಾರ್ಮಂಟ್‌ಗಳು ಒತ್ತೊತ್ತಾಗಿರುತ್ತವೆ. ಮೂರು ಊಕಾರಗಳಲ್ಲಿ ಒಂದರಲ್ಲಿ ತಂತ್ರಾಂಶ ಅವೆರಡನ್ನೂ ಒಂದೇ ಎಂದು ಎಣಿಸಿ, 2,300 ಹರ್ಟ್ಸ್‌ನಲ್ಲಿದ್ದ ಮೂರನೆಯದನ್ನು ಎರಡನೆಯದೆಂದು ಬರೆದುಕೊಂಡಿತ್ತು. ತಿದ್ದಿದ ಮೇಲೆ ಬಂದದ್ದು 0.97.

ಮಕ್ಕಳ ವಿಷಯದಲ್ಲಿ ಇನ್ನೂ ಫಜೀತಿ. 300 ಹರ್ಟ್ಸ್‌ನ ಕೀಚಲು ದನಿಯಲ್ಲಿ ಸಂನಾದಗಳು, ಅಂದರೆ ದನಿಯ ಮೂಲ ಆವರ್ತನದ ಗುಣಕಗಳು, 300 ಹರ್ಟ್ಸ್ ಅಂತರದಲ್ಲಿ ದೂರದೂರ ನಿಲ್ಲುತ್ತವೆ. ಈಕಾರದ ಮೊದಲ ಫಾರ್ಮಂಟ್ ಹುಡುಕಹೊರಟ ತಂತ್ರಾಂಶ ಹತ್ತಿರದ ಸಂನಾದಕ್ಕೇ ಅಂಟಿಕೊಳ್ಳುತ್ತದೆ. ಫಾರ್ಮಂಟ್ ಹುಡುಕುವ ಮೇಲ್ಮಿತಿಯನ್ನು ಗಂಡಸರಿಗೆ 5,000, ಹೆಂಗಸರಿಗೆ 5,500 ಹರ್ಟ್ಸ್ ಇಡುವುದು ರೂಢಿ, ಚಿಕ್ಕ ಮಕ್ಕಳಿಗೆ ಇನ್ನೂ ಮೇಲೆ. ಆ ಆಯ್ಕೆಯನ್ನು ಮೆನುವಿನ ಮೂರನೆಯ ಮಡಿಕೆಯಲ್ಲಿ ಬಚ್ಚಿಟ್ಟ ಪುಣ್ಯಾತ್ಮರು ಯಾರೋ!

ಈಗ ಪ್ರತಿ ಸಲವೂ ಅದೇ ಮೈಕ್, ಅಷ್ಟೇ ದೂರ, ಅವೇ ಪದಗಳು. ಮ, ನ ಪಕ್ಕದ ಸ್ವರಗಳನ್ನು ಕೊಡುವುದಿಲ್ಲ. ಮೂಗಿನ ಅನುರಣನ ಸೇರಿ ಅಳತೆ ಕೆಡುತ್ತದೆ. ಒಬ್ಬರ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವುದಂತೂ ಇಲ್ಲವೇ ಇಲ್ಲ.

ಹೊಸ ಆವೃತ್ತಿಯಲ್ಲಿ ಪ್ರತಿ ಸ್ವರದ ಪಕ್ಕ ರೋಹಿತಚಿತ್ರ (ದನಿಯ ಆವರ್ತನಗಳನ್ನು ಕಾಲಕ್ರಮದಲ್ಲಿ ತೋರಿಸುವ ಚಿತ್ರ) ತೆರೆಯುವ ಗುಂಡಿ ಬಂದಿದೆ. ಅನುಮಾನದ ಊಕಾರವನ್ನು ಅಲ್ಲೇ ತಿದ್ದಬಹುದು. ತಿದ್ದಿದ್ದು ಉಳಿಯಬೇಕಾದರೆ ಮಾತ್ರ ಎರಡು ಸಲ ಒತ್ತಬೇಕು.