ಗೋಡೆಯೊಳಗಿನ ವ್ಯಾಕ್ಯೂಮ್: ಕಲಬುರಗಿಯ ಮನೆಯಲ್ಲಿ ಆರು ವರ್ಷ ಬಳಸಿದ ಮೇಲೆ

ಕೊಳ್ಳುವ ಮುಂಚೆ ಎರಡು ತಿಂಗಳು ಮೋಟರ್ ಎಷ್ಟು ವ್ಯಾಟ್, ಡಬ್ಬ ಎಷ್ಟು ಲೀಟರ್ ಅಂತ ತಲೆ ಕೆಡಿಸಿಕೊಂಡಿದ್ದೆ. ಆರು ವರ್ಷದಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ನೂರು ರೂಪಾಯಿಯೂ ಬಾಳದ ಒಂದು ಎಲ್ಬೋ, ಅಂದರೆ ಪೈಪ್ ತಿರುಗುವ ಕಡೆ ಹಾಕುವ ಮೂಲೆ ಜೋಡಣೆ.

ನಮ್ಮ ಮನೆ ಜೇವರ್ಗಿ ರಸ್ತೆ ಕಡೆ. ಕೆಳಗೆ ಮೇಲೆ ಸೇರಿ ಐದು ರೂಮು. ಇಲ್ಲಿನ ಧೂಳಿನ ಬಗ್ಗೆ ಕಲಬುರಗಿಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಬೇಸಿಗೆಯಲ್ಲಿ ಬೆಳಿಗ್ಗೆ ಒರೆಸಿದ ಶಹಾಬಾದ್ ಫರ್ಸಿ ಮೇಲೆ ಸಂಜೆಗೆ ಹೆಜ್ಜೆ ಗುರುತು ಬೀಳುತ್ತದೆ. ಊರಿಂದ ಬರುವ ತೊಗರಿ ಚೀಲದ ಹೊಟ್ಟು ಬೇರೆ. ಹೆಂಡತಿಗೆ ಧೂಳು ಆಗುವುದಿಲ್ಲ. ಮೊದಲಿದ್ದ ಗಾಲಿ ವ್ಯಾಕ್ಯೂಮ್ ಮುಂದಿನಿಂದ ಎಳೆದ ಸಣ್ಣ ಧೂಳನ್ನು ಹಿಂದಿನಿಂದ ರೂಮಿಗೇ ಬಿಡುತ್ತಿತ್ತು. ಅದು ಶುರುವಾದರೆ ಇವಳ ಸೀನೂ ಶುರು. ಹಾಗಾಗಿ ಮನೆ ಕಟ್ಟುವಾಗಲೇ ಸೆಂಟ್ರಲ್ ವ್ಯಾಕ್ಯೂಮ್ ಹಾಕಿಸಿದೆವು. ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಆಯಿತು.

ಗೊತ್ತಿಲ್ಲದವರಿಗೆ: ಮೋಟರ್ ಮತ್ತು ಧೂಳಿನ ಡಬ್ಬ ಹಿತ್ತಲ ಗೋಡೆಯ ಮೇಲೆ ಇರುತ್ತವೆ. ಅಲ್ಲಿಂದ ಗೋಡೆಯೊಳಗೆ ಪೈಪ್ ಹೋಗಿ ಅಲ್ಲಲ್ಲಿ ಮುಚ್ಚಳವಿರುವ ಬಾಯಿಗಳಿಗೆ ಸೇರುತ್ತದೆ. ನಮ್ಮಲ್ಲಿ ನಾಲ್ಕು ಬಾಯಿ. ಒಂಬತ್ತು ಮೀಟರ್ ಹೋಸನ್ನು ಬೇಕಾದ ಕಡೆ ಚುಚ್ಚಿದರೆ 24 ವೋಲ್ಟಿನ ಸಣ್ಣ ವೈರ್ ಸೇರಿ ಮೋಟರ್ ತಿರುಗುತ್ತದೆ. ಗಾಳಿ ಹೊರಗೇ ಹೋಗುತ್ತದೆ. ಅವ್ವ ಮೊದಲ ದಿನ ನೋಡಿ, “ಏನಪ, ಗ್ವಾಡಿಗಿ ಸೊಂಡಿ ಹಚ್ಚಿದ್ರೇನು?” ಅಂದಿದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಸೊಂಡಿ.

ಈಗ ಎಲ್ಬೋ ಕಥೆ. ಈ ಸಿಸ್ಟಮ್ಮಿನ ಪೈಪ್ ಹೊರಗಿನ ಅಳತೆ ಎರಡು ಇಂಚು, ಅಂದರೆ 50.8 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನೀರಿನ ಪಿವಿಸಿ 50 ಮಿ.ಮೀ. ನೋಡಲು ಎರಡೂ ಒಂದೇ. ಪೆಟ್ಟಿಗೆಯಲ್ಲಿ ಬಂದ ಎಲ್ಬೋ ಒಂದು ಕಡಿಮೆ ಬಿತ್ತು. ಪ್ಲಂಬರ್ ಕೇಳಲಿಲ್ಲ. “ಏನ್ ಆಗಲ್ರಿ ಸರ, ನೀರ್ ಹರಿಯೋ ಪೈಪಿನ್ಯಾಗ ಗಾಳಿ ಹರಿಯಂಗಿಲ್ಲೇನು?” ಅಂತ ನೀರಿನ ಎಲ್ಬೋ ತಂದು, ಪೈಪ್ ಬೆಂಕಿಗೆ ಕಾಯಿಸಿ ಒತ್ತಿ ಕೂರಿಸಿದ. ನಾನೂ ಸುಮ್ನೆ ನಿಂತು ನೋಡಿದೆ. ಮರುದಿನ ಪ್ಲಾಸ್ಟರ್ ಆಯಿತು.

ತಪ್ಪು ಎರಡು ಇದ್ದವು. ವ್ಯಾಕ್ಯೂಮ್ ಎಲ್ಬೋ ನಿಧಾನವಾಗಿ ಬಾಗಿರುತ್ತದೆ, ನೀರಿನದ್ದು ಗಕ್ಕನೆ ತಿರುಗುತ್ತದೆ. ನೀರು ಹೇಗೋ ಹೋಗುತ್ತದೆ, ಕಸ ಹೋಗುವುದಿಲ್ಲ. ಇನ್ನೊಂದು, ಗಮ್ಮನ್ನು ಎಲ್ಬೋ ಒಳಗೆ ಬಳಿದಿದ್ದ. ಪೈಪ್ ತೂರಿಸಿದಾಗ ಆ ಗಮ್ ಮುಂದಕ್ಕೆ ಒತ್ತಿಕೊಂಡು ಒಳಗೆ ಏಣು ಕಟ್ಟುತ್ತದೆ. ಬಳಿಯಬೇಕಾದ್ದು ಪೈಪಿನ ಹೊರಮೈಗೆ.

ಎರಡು ವರ್ಷ ಏನೂ ಗೊತ್ತಾಗಲಿಲ್ಲ. ಮೂರನೇ ವರ್ಷ ಅವ್ವನ ರೂಮಿನ ಬಾಯಿಯಲ್ಲಿ ಎಳೆತ ಕಡಿಮೆಯಾಯಿತು. ಮೊದಲು ಹೋಸ್ ನೋಡಿದೆ. ಒಂದು ಗೋಲಿ ಹಾಕಿ, ಹೋಸನ್ನು ಎತ್ತುತ್ತಾ ಹೋದರೆ ಗೋಲಿ ಆ ಕಡೆ ಬೀಳಬೇಕು. ಬಿತ್ತು. ಡಬ್ಬದ ಹತ್ತಿರ ಅಂಗೈ ಇಟ್ಟರೆ ಕೈ ಕಚ್ಚಿ ಹಿಡಿಯುತ್ತಿತ್ತು, ಅಂದರೆ ಮೋಟರ್ ಸರಿ ಇದೆ. ಹಾಲ್ ಮತ್ತು ಮೇಲಿನ ಬಾಯಿಗಳೂ ಸರಿ. ಅಲ್ಲಿಗೆ ಅವ್ವನ ರೂಮಿನ ಪೈಪಿನಲ್ಲೇ ಏನೋ ಸಿಕ್ಕಿದೆ ಅಂತಾಯಿತು. ಹಳೇ ಗಾಲಿ ವ್ಯಾಕ್ಯೂಮ್ ತಂದು, ಒದ್ದೆ ಬಟ್ಟೆ ಸುತ್ತಿ ಹಿಂದಕ್ಕೆ ಎಳೆಸಿ ನೋಡಿದೆ. ಬರಲಿಲ್ಲ.

ಕೊನೆಗೆ ಗೋಡೆಯ ಪ್ಲೇಟ್ ಬಿಚ್ಚಿ, ಎಲೆಕ್ಟ್ರಿಷಿಯನ್ ವೈರ್ ಎಳೆಯುವ ಸ್ಪ್ರಿಂಗಿನ ತುದಿಗೆ ಕೊಕ್ಕೆ ಮಾಡಿ ಬಿಟ್ಟ. ಮೂರನೇ ಸಲಕ್ಕೆ ಒಂದು ಗೇಣುದ್ದದ ಬೂದು ಬಣ್ಣದ ಬೆಕ್ಕಿನ ಬಾಲದಂಥದ್ದು ಹೊರಗೆ ಬಂತು. ಬಿಡಿಸಿ ನೋಡಿದರೆ ನಡುವೆ ಒಂದು ಹೇರ್‌ಪಿನ್. ಅದರ ಸುತ್ತ ಕೂದಲು. ಕೂದಲಿಗೆ ಸುತ್ತಿಕೊಂಡ ಹತ್ತಿ. ಅವ್ವ ದಿನಾ ಮಧ್ಯಾಹ್ನ ಕೂತು ದೇವರ ಬತ್ತಿ ಹೊಸೆಯುತ್ತಾಳೆ. ಎರಡು ವರ್ಷದ ಬತ್ತಿಯ ಹತ್ತಿ ಅಲ್ಲಿತ್ತು. ಪಿನ್ನು ಆ ಗಮ್ಮಿನ ಏಣಿಗೆ ಸಿಕ್ಕಿಕೊಂಡಿತ್ತು.

ಏಳು ತಿಂಗಳಿಗೆ ಮತ್ತೆ ಕಟ್ಟಿತು. ಈ ಸಲ ಗೋಡೆ ಒಡೆಸಿದೆ. ಸರಿಯಾದ ಎಲ್ಬೋ ಹೈದರಾಬಾದಿನಿಂದ ತರಿಸಿದೆ. ಒಂದು ಬೇಕಿತ್ತು, ನಾಲ್ಕು ತರಿಸಿದೆ. ಗೋಡೆಗೆ ಬಣ್ಣದ ತೇಪೆ ಇವತ್ತಿಗೂ ಕಾಣುತ್ತದೆ. ಆಮೇಲೆ ಒಮ್ಮೆಯೂ ಕಟ್ಟಿಲ್ಲ.

ಮೋಟರ್ ವಿಷಯದಲ್ಲಿ ದೂರು ಕಡಿಮೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿಗೆ ಪಡುವಣ ಗೋಡೆಯ ಮೇಲೆ ಕಾದು ತಾನೇ ನಿಂತುಬಿಡುತ್ತಿತ್ತು. ಕೆಟ್ಟಿತು ಅಂತ ಹೆದರಿದ್ದೆ. ಬಿಸಿಯಾದರೆ ನಿಲ್ಲುವ ಕಟ್‌ಔಟ್ ಅದರೊಳಗೇ ಇದೆ, ಆರಿದ ಮೇಲೆ ಮತ್ತೆ ಶುರುವಾಗುತ್ತದೆ. ಮೇಲೊಂದು ತಗಡಿನ ನೆರಳು ಕಟ್ಟಿಸಿ, ಸುತ್ತ ಗಾಳಿಗೆ ಜಾಗ ಬಿಡಿಸಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸುತ್ತೇವೆ.

ಐದನೇ ವರ್ಷ ಸದ್ದು ಬದಲಾಯಿತು, ಸುಟ್ಟ ವಾಸನೆ ಬಂತು. ಮೋಟರಿನ ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ಕೊಡುವ ಕಾರ್ಬನ್ ತುಂಡು ಸವೆದಿತ್ತು. ಮಿಕ್ಸಿಯ ಕಾರ್ಬನ್ ಇದ್ದ ಹಾಗೆ, ಸ್ವಲ್ಪ ದೊಡ್ಡದು. ಕಂಪನಿಯ ಸರ್ವಿಸಿನವರು ಮೂರು ವಾರ “ನಾಳೆ ಬರ್ತೀವಿ” ಅಂದರು. ಆ ನಾಳೆ ಬರಲೇ ಇಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಮೋಟರ್ ಕಟ್ಟುವ ಮೆಕ್ಯಾನಿಕ್ ಒಬ್ಬರು ಅಳತೆ ನೋಡಿ ಕಾರ್ಬನ್ ತಂದು ಹಾಕಿದರು. ಹಾಕಿದ ತಕ್ಷಣ ಪೂರ್ತಿ ಕರೆಂಟ್ ಕೊಡಲಿಲ್ಲ. ಬಕೆಟ್ ನೀರಿನಲ್ಲಿ ಕಾಯಿಸುವ ರಾಡ್ ಇಟ್ಟು, ಅದರ ಮೂಲಕವೇ ಕರೆಂಟ್ ಮೋಟರಿಗೆ ಹೋಗುವ ಹಾಗೆ ಸೀರೀಸ್‌ನಲ್ಲಿ ಜೋಡಿಸಿ ಅರ್ಧ ಗಂಟೆ ನಿಧಾನಕ್ಕೆ ತಿರುಗಿಸಿದರು. ಕಾರ್ಬನ್ ಸರಿಯಾಗಿ ಕೂತು ಉಜ್ಜಿಕೊಳ್ಳಲಿ ಅಂತ. ಅವರ ಕೆಲಸ ಅವರಿಗೆ ಗೊತ್ತು, ನೀವು ಮನೆಯಲ್ಲಿ ಮಾಡಲು ಹೋಗಬೇಡಿ.

ಇನ್ನುಳಿದದ್ದು ಸಣ್ಣಪುಟ್ಟದ್ದು. ಮೂರು ತಿಂಗಳಿಗೊಮ್ಮೆ ಡಬ್ಬ ಖಾಲಿ ಮಾಡುತ್ತೇನೆ, ಬಟ್ಟೆ ಫಿಲ್ಟರ್ ಹೊರಗೆ ಕೊಡವುತ್ತೇನೆ. ಮೇಲಿನ ಬಾಯಿಯ ರಬ್ಬರ್ ಗಟ್ಟಿಯಾಗಿ ಸೀಟಿ ಹೊಡೆಯುತ್ತಿತ್ತು, ಬದಲಿಸಿದೆ. ಒದ್ದೆ ಎರೆಮಣ್ಣು ಎಳೆಸಬೇಡಿ, ಪೈಪಿನೊಳಗೆ ಮೆತ್ತಿಕೊಳ್ಳುತ್ತದೆ. ಪಿಒಪಿ ಕೆಲಸದ ಪುಡಿಯನ್ನಂತೂ ಖಂಡಿತ ಬೇಡ. ನಮ್ಮ ಬಡಗಿ ನಾನಿಲ್ಲದಾಗ ಅದನ್ನೇ ಮಾಡಿ, ಒಂದೇ ದಿನದಲ್ಲಿ ಫಿಲ್ಟರ್ ಹಿಟ್ಟಿನ ಚೀಲದಂತಾಗಿ ಎಳೆತವೇ ನಿಂತಿತ್ತು.

ಹೆಂಡತಿಯ ಸೀನು ಪೂರ್ತಿ ಹೋಗಿಲ್ಲ, ಆದರೆ ಕಸ ಹೊಡೆಯುವಾಗ ಬರುವುದು ನಿಂತಿದೆ. ಅಂಗಳ ಮತ್ತು ಹೊಸ್ತಿಲಿಗೆ ಅವ್ವನ ಕಸಬರಿಗೆಯೇ. ಕಟ್ಟಿ ಮುಗಿದ ಮನೆಗೆ ಇದನ್ನು ಹಾಕಿಸುವುದು ನನ್ನ ಪ್ರಕಾರ ದಂಡ. ಕಟ್ಟುತ್ತಿದ್ದರೆ ಹಾಕಿಸಿ. ಮೋಟರ್ ಆಮೇಲೆ ಕೊಂಡರೂ ಆದೀತು, ಪೈಪ್ ಈಗಲೇ ಸರಿಯಾದದ್ದು ಹಾಕಿಸಿ. ಪ್ಲಾಸ್ಟರಿಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದುಕೊಳ್ಳಿ. ನಾನು ತೆಗೆದಿರಲಿಲ್ಲ, ಒಂದು ಎಲ್ಬೋ ಹುಡುಕಲು ಮೂರು ಕಡೆ ಗೋಡೆ ಒಡೆಸಿದೆ.

ಈಗ ತಮ್ಮ ಸೇಡಂ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಉಳಿದ ಮೂರು ಎಲ್ಬೋ ಅವನಿಗೆ ಕೊಟ್ಟಿದ್ದೇನೆ.