ಕ್ಯಾಂಡಿಡಾಗೆ ಮೂರು ಪೂರಕಗಳು: ನನ್ನ ಹೊಟ್ಟೆಗೆ ಒಗ್ಗಿದ್ದು ಯಾವುದು?

ಸೈನಸ್ ಸೋಂಕಿಗೆ ಆ್ಯಂಟಿಬಯೋಟಿಕ್ ಕೋರ್ಸ್ ಮೇಲೆ ಕೋರ್ಸ್ ಆದಮೇಲೆ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು. ಊಟ ಮುಗಿಯುವಷ್ಟರಲ್ಲಿ ಹೊಟ್ಟೆ ಉಬ್ಬರ. ಡಾಕ್ಟರು ಮೊದಲು ಶುಗರ್ ಟೆಸ್ಟ್ ಮಾಡಿಸಿದರು. ಬಿಳಿ ಪದರಕ್ಕೆ ಕಾರಣ ಕ್ಯಾಂಡಿಡಾ ಎಂಬ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ; ಮಧುಮೇಹ ಇದ್ದವರಲ್ಲಿ ಅದು ಸುಲಭವಾಗಿ ಹೆಚ್ಚುತ್ತದೆ. ಬಾಯಿಗೆ ಹಚ್ಚಲು ಔಷಧಿ ಕೊಟ್ಟರು. ಕರುಳಿನ ವಿಷಯದಲ್ಲಿ ಮಾತ್ರ, ಆರೋಗ್ಯವಂತರ ಹೊಟ್ಟೆಯಲ್ಲೂ ಕ್ಯಾಂಡಿಡಾ ಇರುತ್ತದೆ, ಮಲಪರೀಕ್ಷೆಯಲ್ಲಿ ಕಂಡಿತೆಂದ ಮಾತ್ರಕ್ಕೆ ಉಬ್ಬರಕ್ಕೆ ಅದೇ ಕಾರಣ ಎನ್ನಲಾಗದು ಎಂದರು. ಅವರಿಗೆ ತಿಳಿಸಿಯೇ ಮೂರು ಪೂರಕಗಳನ್ನು ಒಂದಾದ ಮೇಲೊಂದರಂತೆ ತೆಗೆದುಕೊಂಡೆ.

ಮೂರರಲ್ಲಿ ನನ್ನ ಮತ ಸ್ಯಾಕರೊಮೈಸಿಸ್ ಬೌಲಾರ್ಡಿಗೆ. ಇದೂ ಯೀಸ್ಟೇ. 1920ರ ದಶಕದಲ್ಲಿ ಫ್ರಾನ್ಸ್‌ನ ಆನ್ರಿ ಬುಲಾರ್ ಇಂಡೋಚೈನಾದಲ್ಲಿ ಲಿಚಿ, ಮ್ಯಾಂಗೋಸ್ಟೀನ್ ಹಣ್ಣುಗಳಿಂದ ಬೇರ್ಪಡಿಸಿದ್ದು. ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಆ್ಯಂಟಿಬಯೋಟಿಕ್‌ಗೆ ಸಾಯುವುದಿಲ್ಲ. ಆ್ಯಂಟಿಬಯೋಟಿಕ್‌ನಿಂದಾಗುವ ಭೇದಿಗೆ ಇದರ ಪುರಾವೆ ಗಟ್ಟಿಯಾಗಿದೆ, ಕ್ಯಾಂಡಿಡಾ ಮಟ್ಟಿಗೆ ಅಷ್ಟಿಲ್ಲ. ಸ್ಯಾಶೆ ಕತ್ತರಿಸಿದರೆ ಹುದುಗು ಬಂದ ಹಿಟ್ಟಿನ ವಾಸನೆ. ಬಿಸಿ ನೀರಿಗೆ ಹಾಕಿದರೆ ಯೀಸ್ಟ್ ಸಾಯುತ್ತದೆ, ತಣ್ಣೀರಲ್ಲೇ ಕದಡಬೇಕು. ನನಗೆ ಭೇದಿ ನಿಂತಿತು, ಉಬ್ಬರ ನಿಧಾನಕ್ಕೆ ಇಳಿಯಿತು. ಅಷ್ಟರಲ್ಲಿ ಆ್ಯಂಟಿಬಯೋಟಿಕ್ಕೂ ಮುಗಿದಿತ್ತು, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಇದಕ್ಕೇ ಕೊಡಲಾರೆ.

ಕ್ಯಾಪ್ರಿಲಿಕ್ ಆಮ್ಲದ ಕ್ಯಾಪ್ಸೂಲ್ ದುಬಾರಿ. ತೆಂಗಿನೆಣ್ಣೆಯಲ್ಲಿರುವ ಕೊಬ್ಬಿನಾಮ್ಲವೇ ಇದು. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ಕೊಲ್ಲುತ್ತದೆ ನಿಜ, ಆದರೆ ಸಣ್ಣಕರುಳಿನಲ್ಲೇ ಬೇಗ ಹೀರಿಹೋಗುತ್ತದೆ. ದೊಡ್ಡಕರುಳಿಗೆ ಎಷ್ಟು ತಲುಪೀತು? ನನಗೆ ಎಣ್ಣೆ ತೇಗು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಓರೆಗಾನೊ ಎಣ್ಣೆಯಲ್ಲಿರುವ ಕಾರ್ವಕ್ರಾಲ್ ಎಂಬ ಘಾಟಿನ ಅಂಶ ನಮ್ಮ ದೊಡ್ಡಪತ್ರೆಯಲ್ಲೂ ಇದೆ, ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ. ಕ್ಯಾಪ್ಸೂಲ್ ನುಂಗಿದ ಮೇಲೆ ಎದೆ ಉರಿ ಶುರುವಾಯಿತು. ಊಟದ ಮಧ್ಯೆ ತೆಗೆದುಕೊಂಡರೂ ತಪ್ಪಲಿಲ್ಲ, ಬಿಟ್ಟೆ. ದೊಡ್ಡಪತ್ರೆ ತಂಬುಳಿ ಮಾತ್ರ ಈಗಲೂ ಮಾಡುತ್ತೇನೆ, ರುಚಿಗಾಗಿ.

ಬೌಲಾರ್ಡಿ ತರುವವರು ಎರಡು ವಿಷಯ ಗಮನಿಸಿ. ಫ್ಲೂಕೊನಜೋಲ್, ನಿಸ್ಟಾಟಿನ್‌ನಂಥ ಶಿಲೀಂಧ್ರನಾಶಕ ನುಂಗುತ್ತಿದ್ದರೆ ಅದು ಈ ಯೀಸ್ಟನ್ನೂ ಕೊಲ್ಲುತ್ತದೆ, ಜೊತೆಗೆ ತೆಗೆದುಕೊಂಡರೆ ದುಡ್ಡು ದಂಡ. ಕೀಮೋ ನಡೆಯುತ್ತಿರುವವರು, ರೋಗನಿರೋಧಕ ಶಕ್ತಿ ಕುಂದಿದವರು, ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ (ಔಷಧಿ ಕೊಡುವ ಕೊಳವೆ) ಹಾಕಿಸಿಕೊಂಡವರು ಇದನ್ನು ತೆಗೆದುಕೊಳ್ಳಲೇಬಾರದು. ಯೀಸ್ಟ್ ರಕ್ತಕ್ಕೆ ಸೇರಿದ ಪ್ರಕರಣಗಳಿವೆ. ಅಂಥ ರೋಗಿ ಮಲಗಿರುವ ಕೋಣೆಯಲ್ಲಿ ಸ್ಯಾಶೆ ಕತ್ತರಿಸುವುದೂ ಬೇಡ.